ಮೋಟಾರ್ ಬಂತು, ಟ್ಯಾಂಕ್ ಬರಲಿಲ್ಲ

"ಐದಾರು ನಿಮಿಷ ಚೆನ್ನಾಗಿ ಓಡುತ್ತೆ ಅಣ್ಣ. ಆಮೇಲೆ ಉಸಿರು ಕಟ್ಟಿದ ಹಾಗೆ ಮಾಡಿ ನಿಂತುಬಿಡುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತೆ."

ಸೂಳೆಕೆರೆಯಲ್ಲಿ ಬೋಟು ಓಡಿಸುವ ಹುಡುಗ ದಾವಣಗೆರೆಯ ನನ್ನ ಅಂಗಡಿಗೆ ಬಂದು ಇಷ್ಟು ಹೇಳಿದ. ಬೋಟಿನ ಹಿಂದೆ ಸಿಕ್ಕಿಸುವ 40 ಎಚ್‌ಪಿ ಪೆಟ್ರೋಲ್ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ತಂದಿದ್ದ. ಫೋರ್ ಸ್ಟ್ರೋಕ್ ಮೋಟಾರನ್ನು ಬೇಕಾದ ಮಗ್ಗುಲಿಗೆ ಮಲಗಿಸುವಂತಿಲ್ಲ, ಆಯಿಲ್ ಸಿಲಿಂಡರಿಗೆ ಇಳಿದುಬಿಡುತ್ತದೆ. ಅವನು ಸರಿಯಾದ ಮಗ್ಗುಲಿಗೇ, ಕೆಳಗೆ ಹಳೇ ಟಯರ್ ಹಾಕಿ ಮಲಗಿಸಿದ್ದ. ಜೋಪಾನ ಇರುವ ಹುಡುಗ ಅಂತ ಆಗಲೇ ಗೊತ್ತಾಯಿತು. ಅವನ ಮಾತನ್ನು ಇನ್ನೂ ಸ್ವಲ್ಪ ಗಮನ ಕೊಟ್ಟು ಕೇಳಬೇಕಿತ್ತು.

ನನ್ನದು ಮುಖ್ಯವಾಗಿ ಜನರೇಟರ್, ಪಂಪ್‌ಸೆಟ್ ಕೆಲಸ. ಬೋಟಿನ ಮೋಟಾರ್ ಬರುವುದು ಕಡಿಮೆ, ಮಳೆಗಾಲಕ್ಕೆ ಮುಂಚೆ ಸ್ವಲ್ಪ ಜಾಸ್ತಿ. ಆದರೆ ಈ ಕೆಲಸದಲ್ಲಿ ಭಯ ಬೇರೆ. ಪಂಪ್‌ಸೆಟ್ ನಿಂತರೆ ಬೆಳೆಗೆ ಒಂದು ದಿನ ನೀರು ತಪ್ಪುತ್ತದೆ. ಹರಿಹರದಲ್ಲಿ ತುಂಗಭದ್ರೆ ಉಕ್ಕಿದಾಗ ನಡುನೀರಲ್ಲಿ ಮೋಟಾರ್ ನಿಂತರೆ ಏನು ಗತಿ?

ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಸಿಕ್ಕಿಸಿದೆ. ಎಂಜಿನ್ ಟೆಂಪರೇಚರ್ ಸೆನ್ಸರಿನ ಕೋಡ್ ತೋರಿಸಿತು. ಬಿಸಿ ಜಾಸ್ತಿಯಾಗಿದೆ ಅಂತ ಅನಿಸಿದರೆ ಕಂಪ್ಯೂಟರ್ ತಾನೇ ಎಂಜಿನ್ ವೇಗ ಇಳಿಸುತ್ತದೆ. ಐದು ನಿಮಿಷಕ್ಕೆ ಬಿಸಿ, ಹತ್ತು ನಿಮಿಷಕ್ಕೆ ತಣ್ಣಗೆ. ಲೆಕ್ಕ ಸರಿಹೋಯಿತು ಅಂದುಕೊಂಡೆ. ಬೆಂಗಳೂರಿನಿಂದ ಹೊಸ ಸೆನ್ಸರ್ ತರಿಸಿ ಹಾಕಿದೆ. ನೀರಿನ ಡ್ರಮ್ಮಿನಲ್ಲಿ ಇಳಿಸಿ, ನನ್ನ ಟ್ಯಾಂಕಿನಿಂದ ಪೆಟ್ರೋಲ್ ಕೊಟ್ಟು ಅರ್ಧ ಗಂಟೆ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಕಳಿಸಿಕೊಟ್ಟೆ.

ಮೂರನೇ ದಿನ ಫೋನ್. "ಅಣ್ಣ, ಹಂಗೇ ಮಾಡ್ತಿದೆ."

ಮರುದಿನ ನಾನೇ ಕೆರೆಗೆ ಹೋದೆ. ಬೋಟಿನಲ್ಲಿ ಕೂತು, ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪಿನ ನಡುವೆ ಇರುವ ಪ್ರೈಮರ್ ಬಲ್ಬನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಹೊರಡುವ ಮುಂಚೆ ಒತ್ತಿ ಪೆಟ್ರೋಲ್ ತುಂಬಿಸುವ ರಬ್ಬರ್ ಉಂಡೆ ಅದು. ಹುಡುಗ ಪೂರ್ತಿ ರೇಸ್ ಕೊಟ್ಟ. ಒಂದು ನಿಮಿಷ, ಎರಡು ನಿಮಿಷ, ಬಲ್ಬ್ ಗುಂಡಗೇ ಇತ್ತು. ನಾಲ್ಕನೇ ನಿಮಿಷಕ್ಕೆ ಮೆತ್ತಗಾಯಿತು. ಆಮೇಲೆ ನನ್ನ ಕೈಯೊಳಗೇ ಚಪ್ಪಟೆಯಾಗುತ್ತಾ ಬಂತು, ಒಣಗಿದ ಅಂಜೂರದ ಹಾಗೆ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ತಿರುಗಿ ನೋಡಿದರೆ ಕೆಂಪು ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆಯೂ ಒಳಗೆ ಸೇದಿಕೊಂಡಿತ್ತು.

ಹುಡುಗ ಅಭ್ಯಾಸದಂತೆ, ಪೆಟ್ರೋಲ್ ಇದೆಯಾ ಅಂತ ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಸ್ಸ್ ಅಂತ ಗಾಳಿ ಒಳಗೆ ನುಗ್ಗಿತು. ಟ್ಯಾಂಕ್ ಡಬ್ ಅಂತ ಉಬ್ಬಿತು. ಬಲ್ಬ್ ಒತ್ತಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್.

ಪ್ರತಿ ಸಲವೂ ಅವನು ಮಾಡುತ್ತಿದ್ದುದು ಇದೇ. ಸುಮ್ನೆ ಕಾದರೆ ಸರಿಹೋಗುತ್ತದೆ ಅಂತ ಅವನು ಅಂದುಕೊಂಡಿದ್ದ. ಸರಿಮಾಡುತ್ತಿದ್ದುದು ಕಾಯುವುದಲ್ಲ, ಮುಚ್ಚಳ ತೆಗೆಯುವುದು.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ವೆಂಟ್ ಇರುತ್ತದೆ, ಅದಕ್ಕೊಂದು ಸ್ಕ್ರೂ. ಸ್ಕ್ರೂ ತೆರೆದೇ ಇತ್ತು, ಅದನ್ನು ಅವನು ಮರೆತಿರಲಿಲ್ಲ. ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದೆ. ತೂತಿನಲ್ಲಿ ಕುಂಬಾರ ಹುಳದ ಮಣ್ಣು ಗಟ್ಟಿಯಾಗಿ ಕೂತಿತ್ತು. ಟ್ಯಾಂಕು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿದ್ದಿತ್ತಂತೆ. ಸೇಫ್ಟಿ ಪಿನ್ನಿನಿಂದ ಕೆದಕಿದೆ, ಚಿಟಿಕೆಯಷ್ಟು ಪುಡಿ ಉದುರಿತು. ಆಮೇಲೆ ಮುಕ್ಕಾಲು ಗಂಟೆ ಕೆರೆ ಸುತ್ತಿದರೂ ಎಂಜಿನ್ ನಿಲ್ಲಲಿಲ್ಲ.

ಡ್ರಮ್ಮಿನಲ್ಲಿ ಇದು ಯಾಕೆ ಸಿಗಲಿಲ್ಲ? ಮೊದಲನೆಯದು, ನಾನು ಹಾಕಿದ್ದು ನನ್ನ ಟ್ಯಾಂಕು. ತಪ್ಪಿದ್ದ ಭಾಗ ಅಂಗಡಿಗೆ ಬಂದೇ ಇರಲಿಲ್ಲ, ತನ್ನಿ ಅಂತ ನಾನು ಹೇಳಿಯೂ ಇರಲಿಲ್ಲ. ಎರಡನೆಯದು, ಡ್ರಮ್ಮಿನಲ್ಲಿ ಎಂಜಿನ್ನಿಗೆ ಲೋಡ್ ಇಲ್ಲ. ಈ ಅಳತೆಯ ಮೋಟಾರ್ ಪೂರ್ತಿ ರೇಸಿನಲ್ಲಿ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ, ಐಡಲ್‌ನಲ್ಲಿ ಅದರ ಹತ್ತನೇ ಒಂದು ಪಾಲೂ ಬೇಡ. ಐದಾರು ನಿಮಿಷ ರೇಸ್ ಮಾಡಿದರೆ ಒಂದೂವರೆ ಲೀಟರ್ ಹತ್ತಿರ ಹೊರಗೆ ಹೋಯಿತು. ಆ ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕ್ ಪೆಟ್ರೋಲನ್ನು ಬಿಡುವುದೇ ಇಲ್ಲ.

ವಾಪಸ್ ಬರುವಾಗ ಹುಡುಗ ಇನ್ನೊಂದು ಮಾತು ಹೇಳಿದ. "ಟ್ಯಾಂಕ್ ಫುಲ್ ಇದ್ದಾಗ ಬೇಗ ನಿಲ್ಲುತ್ತಿತ್ತು ಅಣ್ಣ, ಅರ್ಧ ಇದ್ದಾಗ ಜಾಸ್ತಿ ದೂರ ಹೋಗುತ್ತಿತ್ತು." ಇಡೀ ಉತ್ತರ ಅದರಲ್ಲೇ ಇತ್ತು. ಟ್ಯಾಂಕ್ ತುಂಬಿದ್ದರೆ ಮೇಲೆ ಗಾಳಿಯ ಜಾಗ ಕಡಿಮೆ, ಸ್ವಲ್ಪ ಸೇದಿದರೂ ಒತ್ತಡ ಬೇಗ ಇಳಿಯುತ್ತದೆ. ಅರ್ಧ ಖಾಲಿ ಇದ್ದರೆ ನಿಧಾನ. "ಮೊದಲೇ ಯಾಕಪ್ಪಾ ಹೇಳಲಿಲ್ಲ?" ಅಂದೆ. "ನೀವು ಕೇಳಲಿಲ್ಲ" ಅಂದ. ನಿಜ. ಸ್ಕ್ಯಾನರ್ ಕೈಯಲ್ಲಿದ್ದುದರಿಂದ ನಾನು ಅವನನ್ನು ಏನೂ ಕೇಳಿರಲಿಲ್ಲ.

ಹಾಗಾದರೆ ಆ ಕೋಡ್ ಎಲ್ಲಿಂದ ಬಂತು? ಅಂದು ರಾತ್ರಿ ಮನೆಯಲ್ಲಿ ಹಳೇ ಸೆನ್ಸರನ್ನು ಸ್ಟೀಲ್ ಚೊಂಬಿನ ನೀರಿಗೆ ಇಳಿಬಿಟ್ಟು, ಮಲ್ಟಿಮೀಟರ್ ಹಚ್ಚಿ, ಗ್ಯಾಸ್ ಮೇಲಿಟ್ಟೆ. ರೆಸಿಸ್ಟೆನ್ಸ್ ತಣ್ಣೀರಲ್ಲಿ ಎರಡು ಕಿಲೋ ಓಮ್‌ಗಿಂತ ಸ್ವಲ್ಪ ಜಾಸ್ತಿ. ನೀರು ಕಾಯ್ದ ಹಾಗೆಲ್ಲ ಅಂಕಿ ಇಳಿಯಬೇಕಾದ ಹಾಗೆಯೇ ಇಳಿಯುತ್ತಾ ಬಂದು 80 ಡಿಗ್ರಿ ಹತ್ತಿರ 300 ಓಮ್ ಆಸುಪಾಸಿಗೆ ಬಂತು. ಎಲ್ಲೂ ಜಿಗಿಯಲಿಲ್ಲ, ಎಲ್ಲೂ ಕಟ್ ಆಗಲಿಲ್ಲ. ಸೆನ್ಸರ್ ಪಕ್ಕಾ ಸರಿ ಇತ್ತು. ವಿಚಾರಿಸಿದಾಗ ಗೊತ್ತಾಯಿತು, ಹಿಂದೆ ಯಾರೋ ಸರ್ವಿಸ್ ಮಾಡುವಾಗ ಅದರ ಕನೆಕ್ಟರ್ ಬಿಚ್ಚಿಟ್ಟೇ ಒಮ್ಮೆ ಸ್ಟಾರ್ಟ್ ಮಾಡಿದ್ದರು. ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಂಡಿತ್ತು. ನಾನು ಓದಿದ್ದು ಹಳೇ ಕೋಡ್. ಮೊದಲು ಅಳಿಸಿ, ಬೋಟ್ ಓಡಿಸಿ, ಮತ್ತೆ ಬರುತ್ತದಾ ಅಂತ ನೋಡಬೇಕಿತ್ತು.

ಸೆನ್ಸರಿನಿಂದಲೂ ಮೋಟಾರ್ ನಿಲ್ಲುತ್ತದೆ, ಇಲ್ಲ ಅನ್ನುವುದಿಲ್ಲ. ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಸತ್ತು ತಣ್ಣಗಾದಾಗ ಏಳುವುದುಂಟು, ಲಕ್ಷಣ ಹೆಚ್ಚುಕಡಿಮೆ ಇದೇ ತರಹ. ಆದರೆ ನಿಲ್ಲುವ ರೀತಿ ಬೇರೆ. ಆ ಸೆನ್ಸರ್ ಕೈಕೊಟ್ಟರೆ ಕೀ ಆಫ್ ಮಾಡಿದ ಹಾಗೆ ಟಕ್ ಅಂತ ನಿಲ್ಲುತ್ತದೆ. ಪೆಟ್ರೋಲ್ ಸಾಲದಿದ್ದರೆ ಕೆಮ್ಮುತ್ತದೆ, ಎಳೆಯುತ್ತದೆ, ಆಮೇಲೆ ಸಾಯುತ್ತದೆ. ಸಾಯುವ ಹೊತ್ತಿಗೆ ಬಲ್ಬ್ ಒತ್ತಿದಾಗ ಜೀವ ಬಂದರೆ ಮೋಟಾರಿನ ತನಕ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅಂತಲೇ. ಬಲ್ಬ್ ಚಪ್ಪಟೆಯಾದರೆ ಅಡ್ಡಿ ಟ್ಯಾಂಕಿನ ಕಡೆ. ಗಟ್ಟಿಯಾಗಿ ನಿಂತೂ ಎಂಜಿನ್ ಸೊರಗಿದರೆ ಬಲ್ಬಿನಿಂದ ಮುಂದೆ, ಫಿಲ್ಟರ್ ಕಡೆ ನೋಡಬೇಕು.

ಕೆರೆಗೆ ಹೋದ ದಿನವೇ ಪೆಟ್ರೋಲ್ ಫಿಲ್ಟರಿನ ಬಟ್ಟಲನ್ನೂ ಬಿಚ್ಚಿದ್ದೆ. ಅದರಲ್ಲಿದ್ದುದನ್ನು ಗಾಜಿನ ಬಾಟ್ಲಿಗೆ ಹಿಡಿದೆ, ಒಂದು ಹನಿಯೂ ಕೆರೆಗೆ ಚೆಲ್ಲಲಿಲ್ಲ. ಚಿತ್ರದುರ್ಗದ ಜನ ಕುಡಿಯುವುದು ಈ ಕೆರೆಯ ನೀರು. ಹತ್ತು ನಿಮಿಷ ಬಿಟ್ಟರೆ ಬಾಟ್ಲಿಯಲ್ಲಿ ಗೆರೆ ಎಳೆದ ಹಾಗೆ ಎರಡು ಪದರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಯಿತಲ್ವಾ, ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಅದರಲ್ಲಿರುವ ಎಥನಾಲ್ ನೀರನ್ನು ಹೀರುತ್ತದೆ, ನೀರು ಜಾಸ್ತಿಯಾದಾಗ ಅದರ ಜೊತೆಗೇ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪ್ ಮೊದಲು ಸೇದುವುದೇ ತಳದ್ದನ್ನು. ದಿನಾ ಓಡುವ ಬೈಕಿಗೆ ಇದರ ಚಿಂತೆ ಕಡಿಮೆ. ತಿಂಗಳುಗಟ್ಟಲೆ ನಿಲ್ಲುವ ಬೋಟಿಗೆ ಹಳೇ ಪೆಟ್ರೋಲ್ ಇಡಲೇಬಾರದು.

ಹೊಸ ಸೆನ್ಸರ್ ಬಿಚ್ಚಿ, ಹಳೆಯದನ್ನೇ ಹಾಕಿ, ತೆಗೆದುಕೊಂಡ ದುಡ್ಡು ವಾಪಸ್ ಕೊಟ್ಟೆ. ಈಗ ಯಾರೇ ಫೋನ್ ಮಾಡಿದರೂ "ಮೋಟಾರ್ ಜೊತೆ ಟ್ಯಾಂಕ್, ಪೈಪ್, ಮುಚ್ಚಳ ಎಲ್ಲಾ ತನ್ನಿ, ಓಡಿಸುವವರೇ ಬನ್ನಿ" ಅಂತ ಹೇಳುತ್ತೇನೆ. ಆ ಹುಡುಗ ಈಗ ಕೆಲಸ ಮುಗಿದ ಮೇಲೆ ವೆಂಟ್ ಸ್ಕ್ರೂ ಬಿಗಿ ಮಾಡಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಟ್ಯಾಂಕನ್ನು ನೆರಳಲ್ಲಿ ಇಡುತ್ತಾನೆ. ಹೊರಡುವ ಮುಂಚೆ ಬಟ್ಟೆ ಬಿಚ್ಚಿ, ಸ್ಕ್ರೂ ಸಡಿಲಿಸಿ, ತೂತನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡುತ್ತಾನೆ.