ಟಿರೆಟ್ಟಾ ಬಜಾರ್, ದಿನಕ್ಕೆ 300 ರೂಪಾಯಿ: ಮೂರು ದಿನದ ಲೆಕ್ಕ

ಕೋಲ್ಕತ್ತಾದ ಚೀನೀ ಕೇರಿಗಳನ್ನು ಊಟ, ಓಡಾಟ ಸೇರಿ ದಿನಕ್ಕೆ 300 ರೂಪಾಯಿಯಲ್ಲಿ ಸುತ್ತಬೇಕೆಂದು ಹೊರಟವನು ಮೊದಲ ದಿನವೇ ಎಡವಿದೆ. ಟಿರೆಟ್ಟಾ ಬಜಾರಿನ ತಿಂಡಿ ಸಂತೆಗೆ ಒಂಬತ್ತಕ್ಕೆ ಹೋದರೆ ಪೊದ್ದಾರ್ ಕೋರ್ಟ್ ಬಳಿ ತರಕಾರಿಯವರಷ್ಟೇ ಇದ್ದರು. ಖರ್ಚು 90.

ಎರಡನೇ ದಿನ, ಭಾನುವಾರ, ಆರು ಗಂಟೆಗೇ ಹಾಜರಾದೆ. ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಹಬೆಯ ಹಿಂದೆ ಮಾರುವವರ ಮುಖವೇ ಮಾಯ. ಬಾವೊ (ಹೂರಣ ತುಂಬಿದ ಹಬೆಯ ಬನ್ನು) ಒಂದು, ಶೂಮಾಯಿ (ಹಬೆಯಲ್ಲಿ ಬೆಂದ ಪುಟ್ಟ ಕಡುಬು) ನಾಲ್ಕು, ಮೀನಿನ ಉಂಡೆಯ ಸಾರು ಒಂದು ಬಟ್ಟಲು. ಸಾರಿಗೆ ಉಪ್ಪು ಕಡಿಮೆ. ಪಕ್ಕದಲ್ಲಿಟ್ಟಿದ್ದ ಮೆಣಸಿನಕಾಯಿ ಸಾಸ್ ಅದನ್ನು ಸರಿಮಾಡಿತು. ಎಂಟರ ಹೊತ್ತಿಗೆ ಪಾತ್ರೆಗಳನ್ನು ತೊಳೆಯತೊಡಗಿದ್ದರು.

ಆಮೇಲಿನದು ಪುಕ್ಕಟೆ. ಇಲ್ಲಿ ಚೀನೀ ಗುಡಿಗೆ ‘ಚರ್ಚ್’ ಎಂದೇ ಹೆಸರು. ಛಾತಾವಾಲಾ ಗಲ್ಲಿಯ ಸೀ ಇಪ್ ಚರ್ಚ್ 1905ರದು. ಒಳಗೆ ಬಿದಿರಿನ ಡಬ್ಬಿಯಲ್ಲಿ ಅಂಕಿ ಬರೆದ ಕಡ್ಡಿಗಳಿದ್ದವು. ಕುಲುಕಿದರೆ ಒಂದು ಕಡ್ಡಿ ಬೀಳಬೇಕು, ಆ ಅಂಕಿಯ ಚೀಟಿಯಲ್ಲಿ ಭವಿಷ್ಯ. ನನಗೆ ಎರಡು ಬಿದ್ದವು. ನೋಡಿಕೊಳ್ಳುವ ಹಿರಿಯರು ತಲೆಯಲ್ಲಾಡಿಸಿ, ಎರಡನ್ನೂ ಒಳಗೆ ಹಾಕಿ, ಡಬ್ಬಿಯನ್ನು ಮತ್ತೆ ನನ್ನ ಕೈಗಿಟ್ಟರು. ಎರಡನೇ ಸಲ ಬಂದ ಚೀಟಿ ಪೂರ್ತಿ ಚೀನೀ ಲಿಪಿಯಲ್ಲಿತ್ತು. ನನ್ನ ಭವಿಷ್ಯವೀಗ ಜೇಬಿನಲ್ಲಿದೆ, ಓದಲು ಬರುವುದಿಲ್ಲ. ದಿನದ ಖರ್ಚು 210.

ಮೂರನೇ ದಿನ ಟಾಂಗ್ರಾ. ಹಕ್ಕಾ ಚೀನೀಯರು ಚರ್ಮ ಹದಮಾಡುತ್ತಿದ್ದ ಕೇರಿ ಇದು. ಆ ಕಾರ್ಖಾನೆಗಳು ನಗರದಿಂದ ಹೊರಹೋಗಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಉದ್ಯಮ ನಗರದ ಹೊರಗಿನ ಬಂತಲಾಕ್ಕೆ ಸರಿಯಿತು, ಇಲ್ಲಿ ಹೋಟೆಲುಗಳು ಉಳಿದವು. ಎತ್ತರದ ಗೋಡೆ, ದೊಡ್ಡ ಗೇಟು ನೋಡಿದರೆ ಹಳೆಯ ಕಸುಬು ತಿಳಿಯುತ್ತದೆ. ಒಬ್ಬನೇ ತಿರುಗುವವನಿಗೆ ಟಾಂಗ್ರಾ ದುಬಾರಿ: ಒಂದು ಪ್ಲೇಟ್ ತರಿಸಿದರೆ ಮೂವರಿಗಾಗುತ್ತದೆ. ಚೀನೀ ಕಾಳಿ ಗುಡಿಯಲ್ಲಿ ನೂಡಲ್ಸ್ ನೈವೇದ್ಯವೆಂದು ಕೇಳಿ, ಪ್ರಸಾದದಲ್ಲೇ ಊಟ ಮುಗಿಸುವ ಲೆಕ್ಕ ಹಾಕಿದ್ದೆ. ಹೋದಾಗ ಸಿಕ್ಕಿದ್ದು ಕುಂಕುಮ, ಅಗರಬತ್ತಿಯ ಹೊಗೆ ಮಾತ್ರ. ಖರ್ಚು 430, ಮಿತಿ ಮೀರಿದ್ದು ಚಿಲ್ಲಿ ಚಿಕನ್ನಿನಿಂದ, ಅರ್ಧ ಕಟ್ಟಿಸಿಕೊಂಡು ಬಂದೆ.

ಮೂರು ದಿನಕ್ಕೆ ಒಟ್ಟು 730. ಉಳಿದ 170 ರೂಪಾಯಿ ಅಚಿಪುರಕ್ಕೆ. ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಚೀನಾದಿಂದ ಬಂದು ಅಲ್ಲಿ ಸಕ್ಕರೆ ಕಾರ್ಖಾನೆ ಹಾಕಿದ ತೋಂಗ್ ಅಚ್ಯೂನ ಕೆಂಪು ಸಮಾಧಿ ಹೂಗ್ಲಿ ದಡದಲ್ಲಿದೆ. ಸಿಯಾಲ್ದಾದಿಂದ ಬಜ್‌ಬಜ್‌ವರೆಗೆ ಲೋಕಲ್ ರೈಲು, ಮುಂದೆ ಆಟೋ. ಈ ಸಲ ಬುತ್ತಿ ಕಟ್ಟಿಕೊಂಡೇ ಹೊರಡುತ್ತೇನೆ.