ಮನಸ್ಸಿಗೆ ಸಮಾಧಾನ ಬಂದರೆ ಅದು ದೇವರ ಚಿತ್ತವೇ?

ಬೈಬಲ್ ಅಧ್ಯಯನ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಯಾರಾದರೂ ಒಬ್ಬರು ಹಿಂದೆ ಉಳಿದುಕೊಳ್ಳುತ್ತಾರೆ. ಅವರ ಪ್ರಶ್ನೆ ಏನೆಂದು ಈಗೀಗ ಮುಖ ನೋಡಿದರೇ ತಿಳಿಯುತ್ತದೆ. “ಇದು ದೇವರ ನಡೆಸುವಿಕೆಯೋ, ನನ್ನದೇ ಆಸೆಯೋ, ಹೇಗೆ ತಿಳಿದುಕೊಳ್ಳುವುದು?” ಮದುವೆಯ ಮಾತುಕತೆ ನಡೆಯುತ್ತಿರುವವರು ಕೇಳುತ್ತಾರೆ, ಕೆಲಸ ಬಿಡಬೇಕೆಂದಿರುವವರು ಕೇಳುತ್ತಾರೆ, ಮನೆಯವರೊಂದಿಗೆ ಮಾತು ಬಿಟ್ಟವರು ಕೇಳುತ್ತಾರೆ. ಅದರ ಬೆನ್ನಿಗೇ ಬರುವ ಮಾತೂ ಹೆಚ್ಚುಕಡಿಮೆ ಒಂದೇ: “ಪ್ರಾರ್ಥನೆ ಮಾಡಿದೆ. ಒಳಗೆ ಸಮಾಧಾನ ಬಂತು. ಹಾಗಾದರೆ ಇದು ದೇವರ ಚಿತ್ತವೇ ತಾನೇ?”

ಹೌದು ಎಂದು ಸುಲಭವಾಗಿ ಹೇಳಿಬಿಡಲು ನನಗೆ ಆಗುವುದಿಲ್ಲ. ಯಾಕೆಂದರೆ ಆ ಸಮಾಧಾನಕ್ಕಾಗಿ ಕಾಯುತ್ತಾ ಹನ್ನೊಂದು ತಿಂಗಳು ನಾನು ದೇವರಿಗೆ ಅವಿಧೇಯತೆ ತೋರಿಸಿದ್ದೇನೆ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಹಡಗಿನ ತಳದಲ್ಲಿ ಮಲಗಿದ್ದ ಒಬ್ಬ ಪ್ರವಾದಿಯನ್ನು ನೋಡೋಣ.

ನಿನೆವೆಗೆ ಹೋಗು ಎಂದು ದೇವರು ಯೋನನಿಗೆ ಹೇಳಿದನು. ನಿನೆವೆ ಇದ್ದದ್ದು ಪೂರ್ವಕ್ಕೆ. ಯೋನನು ಹೊರಟದ್ದು ಪಶ್ಚಿಮದ ಸಮುದ್ರದ ಕಡೆಗೆ. ಯೊಪ್ಪ ಬಂದರಿಗೆ ಹೋದರೆ ತಾರ್ಷೀಷಿಗೆ ಹೊರಡುವ ಹಡಗು ಸಿದ್ಧವಾಗಿ ನಿಂತಿತ್ತು. ಪ್ರಯಾಣದ ಹಣವೂ ಕೈಯಲ್ಲಿತ್ತು. ಇಂದಾದರೆ ಇದನ್ನೇ ನಾವು “ದೇವರು ಬಾಗಿಲು ತೆರೆದನು” ಎಂದು ಸಾಕ್ಷಿ ಹೇಳುತ್ತಿದ್ದೆವು. ಹಡಗು ಒಡೆಯುವಂತಹ ಬಿರುಗಾಳಿ ಎದ್ದಾಗ ನಾವಿಕರು ಹೆದರಿ ತಮ್ಮ ತಮ್ಮ ದೇವರುಗಳಿಗೆ ಮೊರೆಯಿಡುತ್ತಿದ್ದರೆ, ದೇವರಿಂದ ಓಡಿಹೋಗುತ್ತಿದ್ದ ಯೋನನೊಬ್ಬನು ಮಾತ್ರ ಕೆಳಗೆ ಗಾಢನಿದ್ರೆಯಲ್ಲಿದ್ದನು. ಅಷ್ಟು ನೆಮ್ಮದಿಯ ನಿದ್ರೆ ಆ ಹಡಗಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಇನ್ನು ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟಕ್ಕೆ ಬನ್ನಿ. ಅಲ್ಲಿ ಯೇಸುವಿನ ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿತ್ತು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತು ಎಂದು ಲೂಕನು ಬರೆಯುತ್ತಾನೆ. ಒಂದೇ ಪ್ರಾರ್ಥನೆಯನ್ನು ಮೂರು ಸಾರಿ ಮಾಡಿದನು ಎಂದು ಮತ್ತಾಯನು ಬರೆಯುತ್ತಾನೆ. ಸಮಾಧಾನದ ಅನುಭವವೇ ದೇವರ ಚಿತ್ತದ ಗುರುತು ಎಂದು ಹಿಡಿದುಕೊಂಡರೆ, ಯೋನನು ಸರಿಯಾದ ದಾರಿಯಲ್ಲಿದ್ದನು, ಯೇಸು ದಾರಿ ತಪ್ಪಿದ್ದನು ಎಂದು ಹೇಳಬೇಕಾಗುತ್ತದೆ. ಹೀಗೆ ಬರೆಯುವಾಗಲೂ ನನ್ನ ಕೈ ತಡೆಯುತ್ತದೆ. ಆದರೆ ನಾವು ದಿನನಿತ್ಯ ಬಳಸುವ ಅಳತೆಗೋಲು ನಮ್ಮನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ.

“ಕ್ರಿಸ್ತನ ಸಮಾಧಾನವು ನಿಮ್ಮ ಹೃದಯಗಳಲ್ಲಿ ಆಳಲಿ ಎಂದು ಬರೆದಿದೆಯಲ್ಲ?” ಎಂದು ಆಗ ಕೇಳುತ್ತಾರೆ. ಬರೆದಿದೆ, ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದ 15ನೇ ವಚನ. ಅದರ ಹಿಂದಿನ ಎರಡು ಮೂರು ವಚನಗಳನ್ನೂ ಸೇರಿಸಿ ಓದಬೇಕೆಂಬುದು ನನ್ನ ಬೇಡಿಕೆ. ಒಬ್ಬರನ್ನೊಬ್ಬರು ಸಹಿಸಿಕೊಳ್ಳಿರಿ, ತಪ್ಪುಹೊರಿಸಲು ಕಾರಣವಿದ್ದರೂ ಕ್ಷಮಿಸಿರಿ, ಪ್ರೀತಿಯನ್ನು ಧರಿಸಿಕೊಳ್ಳಿರಿ ಎಂದು ಹೇಳಿದ ಮೇಲೆ ಪೌಲನು ಈ ಮಾತು ಹೇಳುತ್ತಾನೆ. ಅದೇ ಉಸಿರಿನಲ್ಲಿ, ಈ ಸಮಾಧಾನಕ್ಕಾಗಿಯೇ ನೀವು ಒಂದೇ ದೇಹವಾಗಿ ಕರೆಯಲ್ಪಟ್ಟಿದ್ದೀರಿ ಎನ್ನುತ್ತಾನೆ. ಅಂದರೆ ಜಗಳ ಬಂದಾಗ ಸಭೆಯಲ್ಲಿ ತೀರ್ಪು ಕೊಡಬೇಕಾದದ್ದು ನನ್ನ ಹಟವೋ ನಿನ್ನ ಹಟವೋ ಆಗದೆ ಕ್ರಿಸ್ತನು ಉಂಟುಮಾಡಿದ ಸಮಾಧಾನ ಆಗಿರಲಿ ಎಂಬುದು ಅದರ ಅರ್ಥ. ಕೆಲಸ ಬಿಡಲೋ ಬೇಡವೋ ಎಂದು ಒಬ್ಬರೇ ಕೋಣೆಯಲ್ಲಿ ಕುಳಿತು ಮನಸ್ಸಿನ ತಳಮಳ ನಿಂತಿತೇ ಎಂದು ಪರೀಕ್ಷಿಸಿಕೊಳ್ಳುವುದಕ್ಕೆ ಆ ವಚನವನ್ನು ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕಷ್ಟದ ನಿರ್ಧಾರವನ್ನು ಕೈಬಿಟ್ಟ ಕೂಡಲೇ ಮನಸ್ಸು ಹಗುರಾಗುತ್ತದೆ. ಭಾರ ಇಳಿಸಿದ ಹೆಗಲು ಹಗುರಾಗುವುದು ಸಹಜ. ಆ ಭಾರವನ್ನು ಇಳಿಸಬೇಕಿತ್ತೇ ಎಂಬುದು ಬೇರೆಯೇ ಪ್ರಶ್ನೆ.

ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಲಿಸಿದವನು ದಾವೀದ. ಮೊದಲನೆಯ ಸಮುವೇಲನ 24 ಮತ್ತು 25ನೇ ಅಧ್ಯಾಯಗಳನ್ನು ಒಂದೇ ಸಲಕ್ಕೆ ಕುಳಿತು ಓದಿ. ಏಂಗೆದಿಯ ಗವಿಯಲ್ಲಿ ದಾವೀದನೂ ಅವನ ಜನರೂ ಅಡಗಿದ್ದಾರೆ. ಮೂರು ಸಾವಿರ ಮಂದಿಯನ್ನು ಕಟ್ಟಿಕೊಂಡು ಅವನ ಪ್ರಾಣಕ್ಕಾಗಿ ಹುಡುಕುತ್ತಿದ್ದ ಅರಸ ಸೌಲನು ಒಬ್ಬಂಟಿಯಾಗಿ ಅದೇ ಗವಿಗೆ ಬರುತ್ತಾನೆ. ಇದೇ ಯೆಹೋವನು ಹೇಳಿದ ದಿನ ಎಂದು ಜೊತೆಗಾರರು ಪಿಸುಗುಟ್ಟುತ್ತಾರೆ. ಸಂದರ್ಭ ಕೂಡಿಬಂದಿದೆ, ಸ್ನೇಹಿತರ ಸಲಹೆ ಇದೆ, ವರ್ಷಗಳ ನೋವು ಒಳಗೆ ಕುದಿಯುತ್ತಿದೆ, ಮೇಲಾಗಿ ಆ ಸಲಹೆಗೆ ದೇವರ ಹೆಸರೂ ಸೇರಿದೆ. ದಾವೀದನು ಸೌಲನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿದನು, ಅಷ್ಟಕ್ಕೇ ಅವನ ಮನಸ್ಸು ಅವನನ್ನು ಹಂಗಿಸಿತು. ಸೌಲನು ಯೆಹೋವನ ಅಭಿಷಿಕ್ತನು, ಅಂದರೆ ದೇವರೇ ಆರಿಸಿದ ಅರಸನು ಎಂಬ ಒಂದು ತಿಳುವಳಿಕೆ ಅವನ ಕೈಯನ್ನು ಹಿಡಿದು ನಿಲ್ಲಿಸಿತು.

ಮುಂದಿನ ಅಧ್ಯಾಯದಲ್ಲಿ ಅದೇ ದಾವೀದನನ್ನು ನಾಬಾಲನೆಂಬ ಸಿರಿವಂತನು ಅವಮಾನಿಸುತ್ತಾನೆ. ರಾಜನ ಮುಂದೆ ಅಷ್ಟು ತಾಳ್ಮೆ ತೋರಿಸಿದವನು ಈ ಮೂರ್ಖನ ಒಂದು ಮಾತಿಗೆ ನಾನೂರು ಮಂದಿಗೆ ಕತ್ತಿ ಕಟ್ಟಿಸಿ ಹೊರಡುತ್ತಾನೆ. ಬೆಳಗಾಗುವುದರೊಳಗೆ ಆ ಮನೆಯ ಒಬ್ಬ ಗಂಡಸನ್ನೂ ಉಳಿಸುವುದಿಲ್ಲವೆಂದು ಆಣೆ ಇಡುತ್ತಾನೆ, ಅದೂ ದೇವರ ಹೆಸರಿನಲ್ಲಿ. ಅವನ ಕೋಪಕ್ಕೆ ನ್ಯಾಯವಾದ ಕಾರಣವಿತ್ತು. ಅಪಾಯ ಇದ್ದದ್ದೇ ಅದರಲ್ಲಿ. ಆಗ ನಾಬಾಲನ ಹೆಂಡತಿ ಅಬೀಗೈಲಳು ಕತ್ತೆಯಿಂದ ಇಳಿದು ಅಡ್ಡಬಿದ್ದು, ಮುಂದೆ ನೀನು ಅರಸನಾದಾಗ ವಿನಾಕಾರಣ ರಕ್ತ ಸುರಿಸಿದ ಸಂಕಟ ನಿನ್ನ ಮನಸ್ಸಿನಲ್ಲಿ ಉಳಿಯದಿರಲಿ ಎನ್ನುತ್ತಾಳೆ. ನಿನ್ನನ್ನು ಕಳುಹಿಸಿದ ಯೆಹೋವನಿಗೆ ಸ್ತೋತ್ರ ಎಂದು ದಾವೀದನು ಹಿಂದಿರುಗುತ್ತಾನೆ. ಆ ದಿನ ದೇವರ ನಡೆಸುವಿಕೆ ಅವನೊಳಗಿನ ಯಾವ ಪ್ರೇರಣೆಯಾಗಿಯೂ ಬರಲಿಲ್ಲ. ಎದುರಿನಿಂದ, ಅವನಿಗೆ ಬೇಡವಾಗಿದ್ದ ಮಾತಾಗಿ ಬಂತು. ನಮ್ಮ ತೀರ್ಮಾನಕ್ಕೆ ಅಡ್ಡ ನಿಲ್ಲುವವರನ್ನು “ಇವರಿಗೆ ನಂಬಿಕೆ ಸಾಲದು” ಎಂದು ನಾವು ಎಷ್ಟು ಬೇಗ ಬದಿಗೆ ಸರಿಸುತ್ತೇವೆ! “ದೇವರು ನನಗೆ ಹೇಳಿದನು” ಎಂದು ಒಮ್ಮೆ ಹೇಳಿಬಿಟ್ಟರೆ ಅಬೀಗೈಲಳಿಗೆ ಬಾಯಿ ತೆರೆಯಲು ಜಾಗವೇ ಇರುವುದಿಲ್ಲ.

ಹೃದಯವು ಎಲ್ಲಕ್ಕಿಂತಲೂ ವಂಚಕ ಎಂಬ ಯೆರೆಮೀಯನ ಮಾತನ್ನು ಹಿಡಿದುಕೊಂಡು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಭಾವನೆಯನ್ನೇ ಪಾಪವೆಂಬಂತೆ ಕಾಣುತ್ತಾರೆ. ಇದು ನನಗೆ ನೋವು ಕೊಡುವ ಸಂಗತಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ “ನಿನ್ನ ಭಯವನ್ನು ನಂಬಬೇಡ, ದೇವರನ್ನು ನಂಬು” ಎಂದು ಹೇಳಿ ವಾಪಸು ಕಳುಹಿಸುವುದು ವಿಶ್ವಾಸದ ಮಾತಲ್ಲ, ಕ್ರೌರ್ಯ. ಅವಳ ಭಯ ಸತ್ಯವನ್ನೇ ಹೇಳುತ್ತಿದೆ. ಸೌಲನು ಈಟಿ ಎಸೆದಾಗ ದಾವೀದನೂ ತಪ್ಪಿಸಿಕೊಂಡು ಓಡಿದನು. ದೇವರು ಅವನನ್ನು ಅದಕ್ಕಾಗಿ ಗದರಿಸಲಿಲ್ಲ. ಪ್ರವಾದಿ ಎಲೀಯನು ಗಿಡದ ಕೆಳಗೆ ಕುಳಿತು ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದಾಗ ದೇವರು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟನು, ದೂತನಿಂದ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟು ಎರಡನೆಯ ಸಾರಿಯೂ ಊಟ ಕೊಟ್ಟನು. ನಾನೊಬ್ಬನೇ ಉಳಿದಿದ್ದೇನೆ ಎಂಬ ಅವನ ಅನಿಸಿಕೆಯನ್ನು ತಿದ್ದಿದ್ದು ನಲವತ್ತು ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ: ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ ಏಳು ಸಾವಿರ ಮಂದಿ ಇದ್ದಾರೆ ಎಂದನು. ದುಃಖ ನಿಜವಾಗಿತ್ತು, ಲೆಕ್ಕ ಮಾತ್ರ ತಪ್ಪಾಗಿತ್ತು. ನನ್ನ ಭಾವನೆಗಳನ್ನು ನಾನು ಹೀಗೆಯೇ ನೋಡಲು ಕಲಿಯುತ್ತಿದ್ದೇನೆ. ನನ್ನ ಸ್ಥಿತಿ ಏನೆಂದು ಅವು ಹೇಳಲಿ, ದೇವರ ಮುಂದೆ ಅವನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲಿಗೆ ಹೋಗಬೇಕೆಂಬ ಅಪ್ಪಣೆಯನ್ನು ಅವುಗಳಿಂದ ಪಡೆಯುವುದಿಲ್ಲ.

ಸತ್ಯವೇದದಲ್ಲಿ ನೇರ ಆಜ್ಞೆ ಇಲ್ಲದ ವಿಷಯಗಳ ಬಗ್ಗೆ, ಈ ಊರೋ ಆ ಊರೋ, ಈ ಕೆಲಸವೋ ಆ ಕೆಲಸವೋ ಎಂಬುದರ ಬಗ್ಗೆ, ನನ್ನ ಬಳಿ ಹೆಚ್ಚು ಹೇಳಲು ಇಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಮಕೆದೋನ್ಯದವನ ದರ್ಶನವಾದದ್ದು ಪೌಲನಿಗೆ ಒಬ್ಬನಿಗೇ; ದೇವರು ಕರೆದಿದ್ದಾನೆಂದು ನಿಶ್ಚಯಿಸಿಕೊಂಡದ್ದು “ನಾವು” ಎಂದು ಲೂಕನು ಬರೆಯುತ್ತಾನೆ. ಆ ಬಹುವಚನ ನನಗೆ ಇಷ್ಟ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ನನ್ನ ಸಭೆಯ ಪರಂಪರೆಯವರಲ್ಲ, ಆದರೂ ಅವರ ಒಂದು ನಿಯಮವನ್ನು ನಾನು ಪಾಲಿಸುತ್ತೇನೆ: ಮನಸ್ಸಿಗೆ ಕತ್ತಲು ಕವಿದಿರುವಾಗ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಇಷ್ಟರ ಮೇಲೆ ಜಾಣತನದಿಂದ ಒಂದನ್ನು ಆರಿಸಿಕೊಂಡು ಮುಂದೆ ನಡೆಯಬಹುದು. ತಪ್ಪಿದರೆ ತಿರುಗಿಸಲು ದೇವರಿಗೆ ಕಷ್ಟವೇನಿಲ್ಲ.

ಕಷ್ಟವಿರುವುದು, ದೇವರು ಏನು ಹೇಳಿದ್ದಾನೆಂದು ಚೆನ್ನಾಗಿ ಗೊತ್ತಿದ್ದೂ ಮನಸ್ಸು ಬಾರದ ವಿಷಯಗಳಲ್ಲಿ. ನನ್ನ ಹನ್ನೊಂದು ತಿಂಗಳ ಕಥೆ ಅಂಥದ್ದು. ಅಮ್ಮ ಕಾಯಿಲೆಯಲ್ಲಿದ್ದಾಗ ಅಕ್ಕ ಒಂದು ಮಾತು ಅಂದಳು: “ದೂರದಲ್ಲಿ ನಿಂತು ಪ್ರಾರ್ಥನೆ ಮಾಡುವುದೊಂದು ನಿನಗೆ ಗೊತ್ತು.” ಅಂದಿನಿಂದ ನಾನು ಅವಳಿಗೆ ಫೋನ್ ಮಾಡಲಿಲ್ಲ. ನಿನ್ನ ಮೇಲೆ ನಿನ್ನ ಸಹೋದರನಿಗೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ್ದು ನನಗೆ ಬಾಯಿಪಾಠ. ನಾನೇ ಅದರ ಮೇಲೆ ಪಾಠ ಮಾಡಿದ್ದೇನೆ. ಆದರೆ “ಕರ್ತನೇ, ಮೊದಲು ನನ್ನ ಮನಸ್ಸಿಗೆ ಸಮಾಧಾನ ಕೊಡು, ಆಮೇಲೆ ಮಾತನಾಡುತ್ತೇನೆ” ಎಂದು ಪ್ರತಿದಿನ ಪ್ರಾರ್ಥಿಸುತ್ತಿದ್ದೆ. ಅದು ಭಕ್ತಿಯ ಪ್ರಾರ್ಥನೆ ಎಂದೇ ನಂಬಿದ್ದೆ. ಕೊನೆಗೆ ಒಂದು ಸಂಜೆ, ಆತನು ಕೊಟ್ಟ ಆಜ್ಞೆಗೆ ನಾನು ಷರತ್ತು ಹಾಕುತ್ತಿದ್ದೇನೆ ಎಂಬುದು ಹೊಳೆಯಿತು.

ಅಂದೇ ಫೋನ್ ಮಾಡಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಕೋಪವೂ ಹಾಗೆಯೇ ಇತ್ತು. “ಅಕ್ಕಾ, ಇಷ್ಟು ದಿನ ಮಾತನಾಡದೆ ಇದ್ದದ್ದು ನನ್ನ ತಪ್ಪು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಅಮ್ಮನಿಗೆ ಔಷಧಿ ಕೊಡುವ ಹೊತ್ತಾಯಿತು” ಎಂದು ಇಟ್ಟುಬಿಟ್ಟಳು. ಎರಡು ನಿಮಿಷವೂ ಆಗಿರಲಿಲ್ಲ. ಮುಂದಿನ ವಾರ ಮತ್ತೆ ಮಾಡಿದೆ. ರಜೆ ಹಾಕಿ ಹೋಗಿ ಅಮ್ಮನ ಬಳಿ ರಾತ್ರಿ ಎಚ್ಚರವಿರುವ ಸರದಿಯನ್ನು ತೆಗೆದುಕೊಂಡೆ. ಆಗಲೂ ಒಳಗೆ ಬೆಚ್ಚನೆಯ ಅನುಭವವೇನೂ ಆಗಲಿಲ್ಲ. ಬಹಳ ತಿಂಗಳುಗಳ ನಂತರ ಒಂದು ದಿನ ಅಕ್ಕನೊಂದಿಗೆ ಏನನ್ನೋ ನೆನೆದು ನಗುತ್ತಿರುವಾಗ, ಅವಳ ಆ ಮಾತು ನೆನಪಿಗೆ ಬರದೆ ಎಷ್ಟೋ ಕಾಲವಾಗಿದೆ ಎಂಬುದು ನನ್ನ ಗಮನಕ್ಕೆ ಬಂತು. ಅದು ಯಾವ ವಾರ ನನ್ನನ್ನು ಬಿಟ್ಟುಹೋಯಿತೋ ನಾನು ಕಾಣಲಿಲ್ಲ.