ಬೇಸಿಗೆಗೆ ಕ್ಯಾಲಿಫೋರ್ನಿಯಾಕ್ಕೆ ಬರುವ ಅಪ್ಪ ಅಮ್ಮಂದಿರಿಗೆ

ಊರಿನಿಂದ ಅಪ್ಪ ಅಮ್ಮಂದಿರು ಮಕ್ಕಳ ಮನೆಗೆ ಬರುವುದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಚಳಿ ಇರುವುದಿಲ್ಲ, ಮೊಮ್ಮಕ್ಕಳಿಗೆ ರಜೆ. ಸರಿಯಾಗಿ ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಗುಡ್ಡಗಳು ಹಳದಿ ತಿರುಗುತ್ತವೆ. "ಬಂಗಾರದ ಹಾಗಿದೆ" ಅಂತ ಎಲ್ಲರೂ ಫೋಟೊ ತೆಗೆಯುತ್ತಾರೆ. ಬಂಗಾರ ಅಲ್ಲ ಸ್ವಾಮಿ, ಒಣಹುಲ್ಲು! ಚಳಿಗಾಲದ ಮಳೆಗೆ ಮೊಣಕಾಲುದ್ದ ಬೆಳೆದು ಒಣಗಿ ನಿಂತಿದ್ದು. ನಮ್ಮಲ್ಲಿ ಬಿಸಿಲು ಏರಿದ ಮೇಲೆ ಮುಂಗಾರು ಬಂದು ನೆಲ ತಣಿಸುತ್ತದೆ. ಇಲ್ಲಿ ಉಲ್ಟಾ. ಮೇ ಕಳೆದರೆ ಅಕ್ಟೋಬರ್ ತನಕ ಮಳೆಯ ಸುದ್ದಿಯೇ ಇಲ್ಲ. ಆ ಒಣಹುಲ್ಲಿಗೆ ಒಂದು ಕಿಡಿ ತಗಲಿದರೆ ಸಾಕು, ಕಾಡ್ಗಿಚ್ಚು. ನೀವು ಬರುವ ಮೊದಲು ಅದರ ಬಗ್ಗೆ ನಾಲ್ಕು ಮಾತು.

ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಹುಟ್ಟುತ್ತದೆ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆವು, ಅಲ್ವಾ? ಇಲ್ಲಿ ಸಿಡಿಲಿನಿಂದ ಹೊತ್ತುವುದೂ ಉಂಟು, ಆದರೆ ಬಹುಪಾಲು ಬೆಂಕಿಗೆ ಮನುಷ್ಯರೇ ಕಾರಣ. 2018ರ ಜುಲೈನಲ್ಲಿ ರೆಡ್ಡಿಂಗ್ ಊರಿನ ಹತ್ತಿರ ಟ್ರೇಲರ್ ಒಂದರ ಟೈರ್ ಹೋಯಿತು. ಚಕ್ರದ ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರಿತು. ಸಾವಿರಕ್ಕೂ ಹೆಚ್ಚು ಮನೆ ಹೋದವು. ಅದೇ ತಿಂಗಳು ಇನ್ನೊಂದು ಕಡೆ ಒಬ್ಬರು ಕಣಜದ ಹುಳುಗಳ ಗೂಡು ಮುಚ್ಚಲು ನೆಲಕ್ಕೆ ಕಬ್ಬಿಣದ ಗೂಟ ಹೊಡೆದರು. ಆ ಕಿಡಿಗೆ ನಾಲ್ಕು ಲಕ್ಷ ಎಕರೆ ಸುಟ್ಟಿತು. ನವೆಂಬರ್ ಬಂದರೂ ಮಳೆ ಬರಲಿಲ್ಲ. ಸುಮಾರು ನೂರು ವರ್ಷ ಹಳೆಯ ವಿದ್ಯುತ್ ಗೋಪುರದ ಕೊಕ್ಕೆಯೊಂದು ಸವೆದು ಮುರಿದು, ಪ್ಯಾರಡೈಸ್ ಎಂಬ ಊರಿಗೆ ಊರೇ ಬೂದಿಯಾಯಿತು. ಆ ಬೆಂಕಿಯಲ್ಲಿ ಸತ್ತವರು 85 ಜನ, ಹೆಚ್ಚಿನವರು ವಯಸ್ಸಾದವರು. 84 ಸಾವುಗಳ ಅಪರಾಧವನ್ನು ಪಿಜಿ ಆ್ಯಂಡ್ ಇ ವಿದ್ಯುತ್ ಕಂಪನಿ 2020ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡಿತು.

"ಮರದ ಮನೆ ಕಟ್ಟೋದ್ಯಾಕೆ?" ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಭೂಕಂಪಕ್ಕೆ ಮರದ ಮನೆ ಬಳುಕಿ ತಡೆದುಕೊಳ್ಳುತ್ತದೆ, ಕಟ್ಟುವುದೂ ಸುಲಭ. ಆದರೆ ಮನೆಗೆ ಬೆಂಕಿ ತಗಲುವ ರೀತಿ ನಾವು ಟಿವಿಯಲ್ಲಿ ನೋಡಿದ ಹಾಗಿರುವುದಿಲ್ಲ. ಗಾಳಿಗೆ ಕೆಂಡದ ಚೂರುಗಳು ಒಂದೂವರೆ ಕಿಲೋಮೀಟರಿಗೂ ಆಚೆ ಹಾರಿ ಬೀಳುತ್ತವೆ. 2017ರಲ್ಲಿ ಸ್ಯಾಂಟಾ ರೋಸಾ ಎಂಬ ಊರಿನಲ್ಲಿ ಬೆಂಕಿ ಹೀಗೇ ಆರು ಲೇನಿನ ಹೈವೇ ದಾಟಿ, ಬಯಲಿನ ಬಡಾವಣೆಗೆ ನುಗ್ಗಿತು. ಗುಡ್ಡದ ಮೇಲಿದ್ದವರಿಗೆ ಮಾತ್ರ ಅಪಾಯ ಅಂದುಕೊಂಡಿದ್ದವರೆಲ್ಲ ಮನೆ ಕಳೆದುಕೊಂಡರು. ಕೆಂಡಕ್ಕೆ ಬೇಕಾದದ್ದು ಸೂರಿನಂಚಿನ ಮಳೆನೀರಿನ ಗಟರಿನಲ್ಲಿ ಒಂದು ಹಿಡಿ ತರಗೆಲೆ, ಅಟ್ಟದ ಗಾಳಿಕಿಂಡಿಯಲ್ಲಿ ಒಂದು ತೂತು. ಅದಕ್ಕೇ ನಾನು ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದ್ದೇನೆ. ಗೋಡೆ ಪಕ್ಕದ ಮರದ ಚಕ್ಕೆ ತೆಗೆದು ಕಲ್ಲು ಹರಡಿದ್ದೇನೆ. ಗಾಳಿ ಜೋರಾಗಿರುವ ದಿನ ತೆಂಗಿನ ನಾರಿನ ಕಾಲೊರಸು ಒಳಗೆ ಬರುತ್ತದೆ. ಯುಗಾದಿಗೆ ಕಟ್ಟಿದ ಮಾವಿನೆಲೆಯ ತೋರಣ ಆಗಸ್ಟ್‌ವರೆಗೂ ಬಾಗಿಲಲ್ಲಿ ಗರಿಗರಿಯಾಗಿ ನೇತಾಡುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ! ದಯವಿಟ್ಟು ಇಳಿಸಿ.

ಗುಡ್ಡದ ಹುಲ್ಲು ಮೇಯಲು ಮೇಕೆ ಮಂದೆ ಬಿಡುತ್ತಾರೆ. ಕಾಯುವವರಲ್ಲಿ ಬಹಳ ಮಂದಿ ಪೆರು ದೇಶದಿಂದ ಬಂದವರು. ಅವರೂ ವೀಸಾದ ಮೇಲೇ ಇರುವವರು, ನಮ್ಮ ಹಾಗೆ. ಇಷ್ಟೆಲ್ಲ ಮಾಡಿದರೂ ಮನೆಯ ವಿಮೆ ಕಂಪನಿಯಿಂದ "ನಿಮ್ಮ ಪಾಲಿಸಿ ಮುಂದುವರಿಸುವುದಿಲ್ಲ" ಅಂತ ನಮಗೂ ಕಾಗದ ಬಂತು. ಅದರ ಪುರಾಣ ಇಲ್ಲಿ ಬೇಡ.

ನಿಮಗೆ ಬೆಂಕಿಗಿಂತ ಮೊದಲು ಎದುರಾಗುವುದು ಹೊಗೆ. 2020ರ ಸೆಪ್ಟೆಂಬರ್ 9ರಂದು ಇಲ್ಲಿ ನಡುಮಧ್ಯಾಹ್ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಮನೆಯೊಳಗೆ ಲೈಟ್ ಹಾಕಬೇಕಾಗಿತ್ತು. ಬೆಂಕಿ ಇದ್ದದ್ದು ಎಷ್ಟೋ ದೂರದಲ್ಲಿ. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿದರೆ ಬೆಳಗಿನ ವಾಕಿಂಗ್ ಬಿಡಿ. ಸೆಕೆ ಅಂತ ಕಿಟಕಿ ತೆಗೆಯಬೇಡಿ. ಆಸ್ತಮಾ, ಹೃದಯದ ತೊಂದರೆ ಇದ್ದವರು ಇದರಲ್ಲಿ ಹಟ ಮಾಡಲೇಬಾರದು.

ನನಗೆ ನಿಜವಾಗಿ ಯೋಚನೆಯಾಗುವುದು ಹಗಲಿನ ಹೊತ್ತು. ಮಗ, ಸೊಸೆ ಆಫೀಸಿಗೆ ಹೋಗಿರುತ್ತಾರೆ. ನಿಮಗೆ ಇಲ್ಲಿ ಕಾರು ಓಡಿಸಿ ರೂಢಿಯಿಲ್ಲ. ಊರು ಬಿಡಿ ಅಂತ ಸೂಚನೆ ಬಂದರೆ ರಸ್ತೆ ತುಂಬಿ, ಮಗ ವಾಪಸ್ ಬರುವುದೇ ಕಷ್ಟ. ಪ್ಯಾರಡೈಸ್‌ನಲ್ಲಿ ಕಾರಿನಲ್ಲಿ ಸಿಕ್ಕಿಕೊಂಡೇ ಸತ್ತವರಿದ್ದಾರೆ. ಹಾಗಾಗಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಎಚ್ಚರಿಕೆ ಸಂದೇಶ ನಿಮ್ಮ ಇಲ್ಲಿನ ಮೊಬೈಲಿಗೂ ಬರುವ ಹಾಗೆ ಮೊದಲೇ ನೋಂದಾಯಿಸಲು ಮಗನಿಗೆ ಹೇಳಿ. ಪಕ್ಕದ ಮನೆಯವರ ನಂಬರ್ ಇಟ್ಟುಕೊಳ್ಳಿ, ಸಂಕೋಚ ಬೇಡ. ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ ಒಂದೇ ಚೀಲದಲ್ಲಿರಲಿ.

ಆಮೇಲೆ ಗ್ಯಾರೇಜ್ ಬಾಗಿಲು, ಅಂದರೆ ಮನೆಯಲ್ಲಿ ಕಾರು ನಿಲ್ಲಿಸುವ ಜಾಗದ ಬಾಗಿಲು. ಅದನ್ನು ಮೇಲೆತ್ತುವುದು ಕರೆಂಟಿನ ಯಂತ್ರ. 2017ರ ಬೆಂಕಿಯಲ್ಲಿ ಕರೆಂಟ್ ಹೋಗಿ, ಅದನ್ನು ತೆರೆಯಲಾಗದೆ ಕೆಲವು ವಯಸ್ಸಾದವರು ಸತ್ತರು. ಅದಕ್ಕೇ 2019ರ ಜುಲೈನಿಂದ ಹೊಸದಾಗಿ ಹಾಕುವ ಯಂತ್ರಗಳಿಗೆ ಬ್ಯಾಟರಿ ಇರಲೇಬೇಕು ಅಂತ ಕಾನೂನಾಗಿದೆ. ಹಳೆ ಮನೆಗಳಲ್ಲಿ ಇಲ್ಲದಿರಬಹುದು. ಯಂತ್ರದಿಂದ ಒಂದು ಕೆಂಪು ಹಗ್ಗ ಇಳಿಬಿದ್ದಿರುತ್ತದೆ. ಬಾಗಿಲು ಮುಚ್ಚಿರುವಾಗ ಅದನ್ನು ಎಳೆದರೆ ಕೈಯಲ್ಲೇ ಎತ್ತಬಹುದು. ಬಂದ ವಾರದಲ್ಲೇ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಮ್ಮೆ ಎತ್ತಿ ನೋಡಿ. ತೀರಾ ಭಾರ ಅನ್ನಿಸಿದರೆ ಸ್ಪ್ರಿಂಗ್ ಸರಿಯಿಲ್ಲದೆ ಇರಬಹುದು, ರಿಪೇರಿಯವನನ್ನು ಕರೆಸಲು ಹೇಳಿ.